ನಾನು ಹೆಸರು ಹೇಳಲಿಲ್ಲ

ಹೋದ ತಿಂಗಳು ಹರಪನಹಳ್ಳಿಯಲ್ಲಿ ನನ್ನ ತಮ್ಮನ ಕಿರಿಮಗಳು ಮೈನೆರೆದಳು. ಆರತಿಗೆಂದು ನಾನೂ ಹೋಗಿದ್ದೆ. ಬೆಳಿಗ್ಗೆ ಅಡುಗೆಮನೆಯಲ್ಲಿ ಹೆಂಗಸರು ಅಂಟಿನ ಉಂಡಿ ಕಟ್ಟಲು ಕೂತಿದ್ದರು. ಒಬ್ಬರು ಕೊಬ್ಬರಿ ತುರಿಯುತ್ತಿದ್ದರು, ಇನ್ನೊಬ್ಬರು ಉತ್ತತ್ತಿಯ ಬೀಜ ತೆಗೆಯುತ್ತಿದ್ದರು. ನಾದಿನಿ ಬಾಣಲೆಯಲ್ಲಿ ತುಪ್ಪ ಕಾಯಿಸಿ ಅಂಟಿನ ಹರಳು ಹಾಕಿದಳು. ಅಂಟು ತುಪ್ಪದಲ್ಲಿ ಅರಳುವಾಗಿನ ವಾಸನೆ ಮನೆಯೆಲ್ಲ ತುಂಬಿತು, ನಾನು ಎದ್ದು ಮಾಳಿಗೆ ಹತ್ತಿದೆ. "ಅಕ್ಕ ಬಯಾಲಜಿ ಲೆಕ್ಚರರ್ರು, ಆಕಿಗೆ ಇವೆಲ್ಲಾ ಸೇರಂಗಿಲ್ಲ ಬಿಡು" ಎಂದು ನಾದಿನಿ ಕೆಳಗೆ ಯಾರಿಗೋ ಹೇಳುತ್ತಿದ್ದದ್ದು ಕೇಳಿಸಿತು. ಹಾಗೆಂದುಕೊಂಡರೆ ಅವಳಿಗೂ ನೆಮ್ಮದಿ, ನನಗೂ ನೆಮ್ಮದಿ. ನಿಜ ಹೇಳುವುದಾದರೆ, ಆ ವಾಸನೆ ಬಂದಾಗಲೆಲ್ಲ ನನಗೆ ನನ್ನ ಮೇಲೇ ಅಸಹ್ಯ ಬರುತ್ತದೆ. ಇಪ್ಪತ್ತೈದು ವರ್ಷ ದಾಟಿದರೂ ಅದು ಕಡಿಮೆಯಾಗಿಲ್ಲ.

ತೊಂಬತ್ತೇಳನೆಯ ಇಸವಿ. ನಮ್ಮ ಹರಪನಹಳ್ಳಿ ಬಳ್ಳಾರಿಯನ್ನು ಬಿಟ್ಟು ದಾವಣಗೆರೆ ಜಿಲ್ಲೆಗೆ ಸೇರಿದ ವರ್ಷ. ನನಗೆ ಇಪ್ಪತ್ತೇಳು. ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ನನ್ನಷ್ಟು ಓದಿದವರು ಈ ಸೀಮೆಯಲ್ಲಿ ಯಾರಿದ್ದಾರೆ ಎಂಬ ಸೊಕ್ಕಿನಲ್ಲಿದ್ದೆ. ಹಡಗಲಿ ತಾಲೂಕಿನಲ್ಲಿ, ಹೊಳೆಗೆ ಹತ್ತಿರದ ಒಂದು ಊರಿನ ಖಾಸಗಿ ಪಿಯು ಕಾಲೇಜಿನಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತು. ಊರಿನ ಹೆಸರು ಹೇಳುವುದಿಲ್ಲ. ಹುಡುಗಿಯ ಹೆಸರನ್ನೂ ಬದಲಿಸಿ ಗೌರಿ ಎನ್ನುತ್ತೇನೆ. ಆಗ ಇರಬೇಕಾಗಿದ್ದ ಎಚ್ಚರ ಈಗ ಬಂದಿದೆ.

ಬಸಮ್ಮ ಎಂಬವರ ಮನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಅವರ ಗಂಡ ಹನುಮಂತಪ್ಪನಿಗೆ ಒಂದೆಕರೆ ಮಲ್ಲಿಗೆ ತೋಟ. ದೊಡ್ಡ ಮಗಳನ್ನು ಕೊಟ್ಟೂರಿಗೆ ಕೊಟ್ಟಿದ್ದರು. ಚಿಕ್ಕವಳು ಗೌರಿ, ಹದಿನೇಳು ವರ್ಷ, ನನ್ನ ಕಾಲೇಜಿನಲ್ಲೇ ಎರಡನೇ ಪಿಯುಸಿ ವಿಜ್ಞಾನ. ಎತ್ತರದ ಹುಡುಗಿ, ಸೊಂಟ ದಾಟಿದ ಜಡೆ. ಆ ವಯಸ್ಸಿನ ಹುಡುಗಿಯರೆಲ್ಲ ಮೊಡವೆಯ ಚಿಂತೆಯಲ್ಲಿದ್ದರೆ ಇವಳ ಮುಖದಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. "ಏನು ಹಚ್ಚಿಗೆಂತೀಯಲೇ, ನಮಗೂ ಹೇಳು" ಎಂದು ಗೆಳತಿಯರು ಬೆನ್ನು ಹತ್ತುತ್ತಿದ್ದರು. "ಮೈಲಾರಪ್ಪನ ಭಂಡಾರ" ಎಂದು ಅರಿಸಿನದ ಮೇಲೆ ಹಾಕಿ ಅವಳು ನಕ್ಕುಬಿಡುತ್ತಿದ್ದಳು.

ನಸುಕಿನಲ್ಲೇ ತಾಯಿ ಮಗಳು ಹೂ ಬಿಡಿಸಲು ಹೋಗುತ್ತಿದ್ದರು. ಬಿಸಿಲೇರುವ ಮೊದಲೇ ಬುಟ್ಟಿ ಬಸ್ಸು ಹತ್ತಬೇಕು. ನಾನೂ ಒಂದೆರಡು ದಿನ ಜೊತೆಗೆ ಹೋದೆ. ಗೌರಿಯ ಎರಡೂ ಕೈ ಗಿಡದ ಮೇಲೆ ಓಡುತ್ತಿದ್ದವು, ನಾನು ಒಂದು ಹಿಡಿ ಬಿಡಿಸುವಷ್ಟರಲ್ಲಿ ಅವಳ ಉಡಿ ತುಂಬಿರುತ್ತಿತ್ತು. "ಮೇಡಂ, ನೀವು ಮೊಗ್ಗಿ ಬಿಡಸಾಕತ್ತೀರೋ ಗಿಡ ಕೀಳಾಕತ್ತೀರೋ?" ಎಂದು ಕಾಡಿಸುತ್ತಿದ್ದಳು. ಭಾನುವಾರದ ಹೂವು ಮೈಲಾರದ ಗುಡಿಗೆ ಹೋಗುತ್ತಿತ್ತು. ಹಾಗಾಗಿ ಮುಟ್ಟಾದ ಹೆಂಗಸು ತೋಟಕ್ಕೆ ಕಾಲಿಡುವಂತಿರಲಿಲ್ಲ. ಇಟ್ಟರೆ ಮೊಗ್ಗು ಕಪ್ಪಾಗುತ್ತದೆಂದು ಎಲ್ಲರೂ ನಂಬಿದ್ದರು. ಕೂಲಿಗೆ ಬರುವ ಹೆಂಗಸರು ತಾವಾಗಿಯೇ ಮೂರು ದಿನ ತಪ್ಪಿಸುತ್ತಿದ್ದರು. ಮನೆಯ ಹಿತ್ತಲಲ್ಲಿ ಒಂದು ತಗಡಿನ ಚಪ್ಪರ, ಅದರಡಿ ಒಂದು ಚಾಪೆ, ಬೇರೆ ತಟ್ಟೆ, ಬೇರೆ ಚೊಂಬು. ಗೌರಿ ಹೊರಗಾದಾಗ ಅಲ್ಲಿ ಕೂತು ನನ್ನ ನೋಟ್ಸು ಓದುತ್ತಿದ್ದಳು. ನಾನು ಹತ್ತಿರ ಹೋದರೆ, "ದೂರ ನಿಂದರ್ರಿ ಮೇಡಂ, ಅವ್ವ ನಿಮಗೂ ತಲಿಮ್ಯಾಲೆ ನೀರು ಹಾಕತಾಳ" ಎನ್ನುವಳು.

ನನಗೆ ಮೂಗು ತೂರಿಸುವ ಚಾಳಿ. ಅದಕ್ಕೆ ನಾನು ವೈಜ್ಞಾನಿಕ ಕುತೂಹಲ ಎಂದು ಹೆಸರಿಟ್ಟುಕೊಂಡಿದ್ದೆ. ಮೂರನೆಯ ತಿಂಗಳಿಗೆ ನನಗೆ ಒಂದು ಸಂಗತಿ ಕಣ್ಣಿಗೆ ಹೊಡೆಯಿತು. ಗೌರಿ ಪ್ರತಿ ಸಲ ಅಮಾವಾಸ್ಯೆಯ ಮರುದಿನವೇ ಹೊರಗಾಗುತ್ತಿದ್ದಳು. ಒಂದು ದಿನ ಹಿಂದಿಲ್ಲ, ಮುಂದಿಲ್ಲ. ಯಾವ ಮೈಯೂ ಪಂಚಾಂಗ ನೋಡಿಕೊಂಡು ಹೀಗೆ ನಡೆಯುವುದಿಲ್ಲ. ಇನ್ನೊಂದು, ಮೂರು ದಿನ ಕಳೆದು ತಲೆಸ್ನಾನ ಮಾಡಿ ಒಳಗೆ ಬಂದ ಮೇಲೆ ಹಿತ್ತಲ ಬೇಲಿಯ ಮೇಲೆ ಒಗೆದ ಬಟ್ಟೆ ಒಂದೂ ಇರುತ್ತಿರಲಿಲ್ಲ.

ದೊಡ್ಡ ಮಗಳು ಹೆರಿಗೆಗೆ ಬರುವವಳಿದ್ದಳು. ಬಸಮ್ಮ ಉಂಡಿಗೆಂದು ತುಪ್ಪದಲ್ಲಿ ಅಂಟು ಕರಿಯುತ್ತಿದ್ದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. "ಬಸಮ್ಮಕ್ಕ, ಒಂದು ಮಾತು ಕೇಳತೀನಿ, ಸಿಟ್ಟಾಗಬ್ಯಾಡ್ರಿ. ಗೌರಿ ಖರೇನ ಹೊರಗಾಗತಾಳೇನು?" ಎಂದೆ. ಅವರ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಬಾಣಲೆಯ ಅಂಟು ಕಂದಾಗಿ, ಕಪ್ಪಾಗಿ, ಸೀದುಹೋಯಿತು. ಆಮೇಲೆ ಅವರು ಒಲೆಯಿಂದ ಬಾಣಲೆ ಇಳಿಸಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

"ಹದಿನೈದು ತುಂಬಿ ಹೋಗಿತ್ರಿ ಮೇಡಂ. ಓಣ್ಯಾಗಿನ ಹುಡುಗೇರು ಎಲ್ಲಾರೂ ದೊಡ್ಡಾಕೇರು ಆಗಿದ್ರು. ಕಂಡೋರೆಲ್ಲಾ ಕೇಳೋರು, ಇನ್ನಾ ಇಲ್ಲೇನು, ಇನ್ನಾ ಇಲ್ಲೇನು ಅಂತ. ಒಂದಿನ ತಡಿಲಾರದ ಆಗ್ಯಾಳ ಅಂದುಬಿಟ್ಟೆ. ಅಂದಮ್ಯಾಲೆ ಆರತಿ ಮಾಡಾಕ ಬೇಕಾತು. ಐದು ದಿನ ಕುಂದ್ರಿಸಿ ಇಂಥಾವ ಉಂಡಿ ತಿನಿಸಿದೆ. ನಮ್ಮಣ್ಣ ಕೂಡ್ಲಿಗಿಯಿಂದ ಹಸಿರು ಸೀರಿ ತಂದ. ಪಾಪ, ನಾ ಹೇಳಿದಂಗ ಕೇಳಿತು ಕೂಸು. ಅಮಾಸಿ ಮರುದಿನ ಅಂತ ಇಟಗೊಂಡೆ, ಮರಿಬಾರದಲ್ರಿ."

ಆ ಅಣ್ಣನ ಮಗನಿಗೇ ಗೌರಿಯನ್ನು ಕೊಡುವ ಮಾತಾಗಿತ್ತು. ಪರೀಕ್ಷೆ ಮುಗಿದ ಮೇಲೆ ಮದುವೆ. ಹುಡುಗ ಒಳ್ಳೆಯವನು, ಗೌರಿಗೂ ಅವನೆಂದರೆ ಆಸೆ. ಕೂಡ್ಲಿಗಿಯಿಂದ ಅವನು ಬಂದ ದಿನ ಅವಳು ಮೂರು ಸಲ ಜಡೆ ಹೆಣೆಯುವುದನ್ನು ನಾನೇ ಕಂಡಿದ್ದೆ. "ಅವರಪ್ಪಗೂ ಗೊತ್ತಿಲ್ರಿ. ನೀವು ಕಲತೋರು ಅದೀರಿ, ಏನಾರ ದಾರಿ ತೋರಸ್ರಿ. ಆದ್ರ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ ನಮ್ಮವ್ವ" ಎಂದು ಬಸಮ್ಮ ನನ್ನ ಕೈ ಹಿಡಿದರು. ಬಿಡುವುದಿಲ್ಲ ಎಂದು ಮಾತು ಕೊಟ್ಟೆ. ಆ ಹೊತ್ತಿಗೆ ಅದು ನಿಜವಾದ ಮಾತೇ ಆಗಿತ್ತು.

ದಸರಾ ಸೂಟಿಯಲ್ಲಿ ಗೌರಿಯನ್ನು ದಾವಣಗೆರೆಗೆ, ನನ್ನ ಗೆಳತಿಯೊಬ್ಬಳಿಗೆ ಗೊತ್ತಿದ್ದ ಹೆಣ್ಣು ಡಾಕ್ಟರ ಬಳಿಗೆ ಕರೆದುಕೊಂಡು ಹೋದೆ. ಮನೆಯಲ್ಲಿ ಪುಸ್ತಕ ತರಲು ಹೊರಟಿದ್ದೇವೆ ಎಂದೆವು. ರಕ್ತ ಬೆಂಗಳೂರಿಗೆ ಹೋಗಿ ವರದಿ ಬರುವಷ್ಟರಲ್ಲಿ ದೀಪಾವಳಿ ದಾಟಿತು. ಎರಡನೆಯ ಸಲ ಹೋದಾಗ ಡಾಕ್ಟರು ಗೌರಿಯನ್ನು ಹೊರಗೆ ಕೂಡಿಸಿ ನನಗೆ ವಿವರಿಸಿದರು. ಅವಳ ವರ್ಣತಂತುಗಳು ಗಂಡಿನವು. ಗರ್ಭಕೋಶವಿಲ್ಲ. ಹೊಟ್ಟೆಯೊಳಗೆ ಗಂಡು ಗ್ರಂಥಿಗಳಿವೆ, ಅವು ಗಂಡು ಹಾರ್ಮೋನು ಮಾಡುತ್ತಲೂ ಇವೆ. ಆದರೆ ಆ ಹಾರ್ಮೋನನ್ನು ಹಿಡಿಯಬೇಕಾದ ಗ್ರಾಹಕವೇ ಅವಳ ಜೀವಕೋಶಗಳಲ್ಲಿ ಕೆಲಸ ಮಾಡುವುದಿಲ್ಲ. ಹಾಗಾಗಿ ತಾಯಿಯ ಹೊಟ್ಟೆಯಲ್ಲಿದ್ದಾಗಿನಿಂದಲೂ ಅವಳ ಮೈ ಹೆಣ್ಣಾಗಿಯೇ ಬೆಳೆದಿದೆ. ಆ ಗ್ರಂಥಿಗಳನ್ನು ಮುಂದೆ ತೆಗೆಯಬೇಕಾಗಬಹುದು, ಆಮೇಲೆ ಮಾತ್ರೆ ಬೇಕು, ಮುಟ್ಟು ಆಗುವುದಿಲ್ಲ, ಮಕ್ಕಳಾಗುವುದಿಲ್ಲ. "ಅವಳಿಗೆ ಮೊದಲು ನೀನು ಹೆಣ್ಣು ಅಂತ ಹೇಳಿ. ಉಳಿದದ್ದೆಲ್ಲ ಆಮೇಲೆ, ನಿಧಾನಕ್ಕೆ. ತಾಯಿಯನ್ನೂ ಕರೆದುಕೊಂಡು ಬನ್ನಿ, ನಾನೇ ಮಾತಾಡುತ್ತೇನೆ" ಎಂದರು ಡಾಕ್ಟರು.

ನಾನು ಅಲ್ಲಿಯವರೆಗೆ ಪುಸ್ತಕದಲ್ಲಿ ಅರ್ಧ ಪುಟ ಓದಿದ್ದ ಸಂಗತಿ ಅದು. ಹೊರಗೆ ಬೆಂಚಿನ ಮೇಲೆ ಅದೇ ಕೂತಿತ್ತು. ನನಗೆ ಆಗ ಆದದ್ದು ದುಃಖವಲ್ಲ, ಒಂದು ಥರದ ಖುಷಿ. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ. ಆದರೂ ಬರೆಯುತ್ತೇನೆ.

ಹಡಗಲಿ ಬಸ್ಸಿನಲ್ಲಿ ಅವಳು ಕಿಟಕಿಯ ಬದಿ ಕೂತಿದ್ದಳು. ಡಾಕ್ಟರು ಮೊದಲು ಹೇಳಿ ಎಂದದ್ದನ್ನು ನಾನು ಮೊದಲು ಹೇಳಲಿಲ್ಲ. ಕೋಶ, ಗ್ರಾಹಕ, ವರ್ಣತಂತು ಎಂದು ಹರಪನಹಳ್ಳಿ ಬರುವವರೆಗೂ ಪಾಠ ಮಾಡಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ, "ಹಂಗಾದ್ರ ನಾನು ಏನ್ರಿ ಮೇಡಂ?" ಎಂದಳು.

"ಬಾಳ ಅಪರೂಪದ ಕೇಸು ನೀನು" ಎಂದೆ.

ಅವಳು ಮುಖ ಕಿಟಕಿಗೆ ತಿರುಗಿಸಿಕೊಂಡಳು. ಊರಿನಲ್ಲಿ ಇಳಿಯುವಾಗ, "ಅವ್ವಗ ಮಕ್ಕಳಾಗಂಗಿಲ್ಲ ಅಂತಷ್ಟ ಹೇಳ್ರಿ. ಆ ಗಂಡಿನ ಸುದ್ದಿ ಬ್ಯಾಡ್ರಿ. ಮಾವನ ಮನಿಗೆ ನಾನ ಹೇಳತೀನಿ, ಅವನ ಮುಂದ ಕುಂತು ನಾನ ಹೇಳತೀನಿ" ಎಂದಳು. ಆಗಲಿ ಎಂದೆ. ಬಸಮ್ಮನಿಗೆ ಅಷ್ಟೇ ಹೇಳಿದೆ. ಅವರು ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಎದ್ದು, "ಇರಲಿ ಬಿಡ್ರಿ, ಅಕ್ಕನ ಕೂಸು ಒಂದು ಸಾಕಿಕೊಂಡಾಳು. ಅಳಿಯ ಒಪ್ಪಿದ್ರ ಆತು" ಎಂದು ಒಲೆ ಹಚ್ಚಿದರು.

ಡಿಸೆಂಬರಿನಲ್ಲಿ ನನ್ನ ಕೆಲಸ ಕಾಯಂ ಮಾಡುವ ಮಾತು ಬಂತು. ಆಡಳಿತ ಮಂಡಳಿಯ ಇಬ್ಬರು ಹಿರಿಯರೂ ಪ್ರಿನ್ಸಿಪಾಲರೂ ಬಂದು ಹಿಂದಿನ ಬೆಂಚಿನಲ್ಲಿ ಕೂತು ನನ್ನ ಪಾಠ ಕೇಳುವುದೆಂದಾಯಿತು. ಅಂದಿನ ಪಾಠ ಹಾರ್ಮೋನುಗಳು. ಗೌರಿ ಮೂರನೆಯ ಬೆಂಚಿನಲ್ಲಿದ್ದಳು.

ಚೆನ್ನಾಗಿ ಶುರುಮಾಡಿದೆ. ಬೋರ್ಡಿನ ಮೇಲೆ ದೊಡ್ಡ ಜೀವಕೋಶ ಬರೆದೆ. ಕೆಲವು ಹಾರ್ಮೋನುಗಳು ಕೋಶದ ಹೊರಬಾಗಿಲಲ್ಲೇ ನಿಂತು ಸುದ್ದಿ ಹೇಳಿ ಹೋಗುತ್ತವೆ, ಸ್ಟೀರಾಯ್ಡ್ ಹಾರ್ಮೋನು ಹಾಗಲ್ಲ ಎಂದೆ. ಅದು ಕೊಬ್ಬಿನಲ್ಲಿ ಕರಗುವಂಥದ್ದು, ಪೊರೆ ದಾಟಿ ಒಳಗೇ ಬರುತ್ತದೆ. ಒಳಗೆ ಅದಕ್ಕೆಂದೇ ಇರುವ ಗ್ರಾಹಕ ಪ್ರೋಟೀನನ್ನು ಕೂಡಿಕೊಂಡು ಕೋಶಕೇಂದ್ರದಲ್ಲಿ ಡಿಎನ್‌ಎ ಮೇಲೆ ಹೋಗಿ ಕೂರುತ್ತದೆ. ಯಾವ ಜೀನು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ಅದೇ ನಡೆಸುತ್ತದೆ. ಹುಡುಗನ ದನಿ ಒಡೆಯುವುದು, ಮೀಸೆ ಬರುವುದು, ಹುಡುಗಿ ದೊಡ್ಡವಳಾಗುವುದು, ಎಲ್ಲ ಹೀಗೆಯೇ. ಹಿಂದೆ ಕೂತ ಹಿರಿಯರು ತಲೆದೂಗುತ್ತಿದ್ದರು. ಗಂಟೆ ಬಾರಿಸಲು ಇನ್ನೂ ಹತ್ತು ನಿಮಿಷವಿತ್ತು.

ಆಗ ನಿಲ್ಲಿಸಬಹುದಿತ್ತು. "ಗ್ರಾಹಕವೇ ಕೆಟ್ಟಿದ್ದರೆ?" ಎಂದು ನಾನೇ ಕೇಳಿದೆ. ಹಾರ್ಮೋನು ಬಂದರೂ ತೆಗೆದುಕೊಳ್ಳುವವರಿಲ್ಲ, ಜೀನುಗಳಿಗೆ ಸುದ್ದಿಯೇ ಮುಟ್ಟುವುದಿಲ್ಲ ಎಂದೆ. ಅಂಥ ಮಗು ವರ್ಣತಂತುವಿನಲ್ಲಿ ಗಂಡಾದರೂ ಹುಟ್ಟುವುದು ಹೆಣ್ಣಾಗಿ. "ಇದೇನು ಎಲ್ಲೋ ದೂರದ ದೇಶದ ಮಾತಲ್ಲ. ನಮ್ಮ ನಡುವೆಯೇ ಇರಬಹುದು. ಎತ್ತರ ಬೆಳೆಯುತ್ತಾಳೆ, ಮುಖದಲ್ಲಿ ಒಂದು ಮೊಡವೆ ಇರುವುದಿಲ್ಲ, ಮುಟ್ಟಾಗುವುದಿಲ್ಲ. ಜನ ಏನೆಂದಾರು ಎಂದು ಮನೆಯವರು ಸುಳ್ಳೇ ಆರತಿಯನ್ನೂ ಮಾಡಿರಬಹುದು."

ಬಾಯಿ ಜಾರಿತು ಎಂದರೆ ಸುಳ್ಳಾಗುತ್ತದೆ. ಆ ಮಾತಿಗೆ ಹಿರಿಯರು ಬೆರಗಾಗುತ್ತಾರೆ ಎಂದು ಗೊತ್ತಿದ್ದೇ ಹೇಳಿದೆ. ಮೊದಲು ಒಬ್ಬಳು ತಿರುಗಿ ನೋಡಿದಳು, ಅವಳ ಪಕ್ಕದವಳು ನೋಡಿದಳು, ಹಾಗೇ ಒಂದೊಂದಾಗಿ ತಲೆಗಳೆಲ್ಲ ಮೂರನೆಯ ಬೆಂಚಿನ ಕಡೆ ತಿರುಗಿದವು. ಗೌರಿ ತಲೆ ಎತ್ತಲಿಲ್ಲ. ನಾನು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದಳು. ಗಂಟೆ ಬಾರಿಸುವವರೆಗೂ ಅವಳ ಪೆನ್ನು ನಿಲ್ಲಲಿಲ್ಲ. ಪ್ರಿನ್ಸಿಪಾಲರು ಹೊರಗೆ ಬಂದು, "ಉದಾಹರಣೆ ಕೊಟ್ಟರೆ ಹಿಂಗ ಕೊಡಬೇಕು ನೋಡ್ರಿ" ಎಂದು ಕೈ ಕುಲುಕಿದರು.

ಅಂದು ಸಂಜೆ ನಾನು ಬೇಕೆಂದೇ ತಡಮಾಡಿ ಮನೆಗೆ ಹೋದೆ. ಗೌರಿ ದನಕ್ಕೆ ನೀರಿಡುತ್ತಿದ್ದಳು. ನನ್ನನ್ನು ಕಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು, ಅಷ್ಟೇ. ಒಂದು ಮಾತು ಬೈದಿದ್ದರೂ ನನಗೆ ಹಗುರಾಗುತ್ತಿತ್ತು. ನಾನು ಹೆಸರು ಹೇಳಲಿಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಎಷ್ಟೋ ವರ್ಷ ಇದೊಂದೇ ಮಾತು ಹಿಡಿದುಕೊಂಡು ಕೂತಿದ್ದೆ.

ವಾರ ತುಂಬುವಷ್ಟರಲ್ಲಿ ಸುದ್ದಿ ಕೂಡ್ಲಿಗಿಗೆ ಮುಟ್ಟಿತ್ತು. ಬಸಮ್ಮನ ಅಣ್ಣ ಬರಲಿಲ್ಲ, ಊರಿನ ಒಬ್ಬರ ಕೈಯಲ್ಲಿ ಹೇಳಿಕಳಿಸಿದ: ಆರತಿಯ ಸೀರೆ ವಾಪಸು ಬೇಡ, ಮಾತು ಮಾತ್ರ ವಾಪಸು. ಗೌರಿಗೆ ಆ ಹುಡುಗನ ಮುಂದೆ ಕೂತು ತಾನೇ ಹೇಳುವ ಅವಕಾಶ ಸಿಗಲಿಲ್ಲ. ಓಣಿಯ ಮುದುಕಿಯೊಬ್ಬಳು ಬಂದು, ಇಂಥವರನ್ನು ದೇವರಿಗೆ ಬಿಡುವುದೇ ಸರಿ ಎಂದು ಬುದ್ಧಿ ಹೇಳಿ ಹೋದಳು. ಹೊಸ ಮೊಗ್ಗು ಬಿಡುವ ಕಾಲ ಬಂದಾಗ ಕೂಲಿ ಹೆಂಗಸರು, ಆಕೆ ಬಂದರೆ ನಾವು ತೋಟಕ್ಕೆ ಬರುವುದಿಲ್ಲ ಎಂದರು. ಹನುಮಂತಪ್ಪ ಒಂದು ಬೆಳಿಗ್ಗೆ ಮಗಳ ಕೈಯಿಂದ ಬುಟ್ಟಿ ತೆಗೆದುಕೊಂಡು, ಅವಳ ಮುಖ ನೋಡದೆ, "ನೀ ಮನ್ಯಾಗಿರವ್ವ" ಎಂದ. ಆ ದಿನದಿಂದ ಅವಳು ಕಾಲೇಜಿಗೂ ಬರಲಿಲ್ಲ. ಪರೀಕ್ಷೆಗೂ ಕೂರಲಿಲ್ಲ.

ಬಸಮ್ಮ ನನ್ನ ಕೋಣೆಗೆ ಬಂದದ್ದು ಒಂದೇ ಸಲ. ಬಾಗಿಲಲ್ಲೇ ನಿಂತು, "ಮೇಡಂ, ಊರಾಗ ಏನೇನೋ ಅಂತಾರ. ನೀವು ಹೇಳಿಲ್ಲ ಅಲ್ರಿ?" ಎಂದರು. ಕೇಳಿದ ರೀತಿಯಲ್ಲಿ ಆರೋಪವಿರಲಿಲ್ಲ, ಬೇಡಿಕೆಯಿತ್ತು. ದೇವರು ದಿಂಡರು ಎಂದರೆ ನಗುತ್ತಿದ್ದ ನಾನು, "ಮೈಲಾರಪ್ಪನ ಆಣಿ ಬಸಮ್ಮಕ್ಕ, ನಾ ಹೇಳಿಲ್ಲ" ಎಂದೆ. ಅವರ ಮುಖ ಸ್ವಲ್ಪ ತಿಳಿಯಾಯಿತು. "ನನಗ ಗೊತ್ತಿತ್ರಿ" ಎಂದು ಹೋದರು. ಮಾರ್ಚಿನಲ್ಲಿ ಕೋಣೆ ಖಾಲಿ ಮಾಡಿದೆ. ನೌಕರಿ ಕಾಯಮಾಯಿತು. ಎರಡು ವರ್ಷಕ್ಕೆ ಬೇರೆ ಊರಿನಲ್ಲಿ ಸರ್ಕಾರಿ ಕೆಲಸ ಸಿಕ್ಕಿತೆಂದು ಅಲ್ಲಿಂದಲೂ ಹೊರಟುಬಿಟ್ಟೆ.

ಏಳು ವರ್ಷದ ಮೇಲೆ ಪರೀಕ್ಷೆಯ ಕೆಲಸಕ್ಕೆಂದು ಹಗರಿಬೊಮ್ಮನಹಳ್ಳಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳು ಹೂವಿನ ಬುಟ್ಟಿಗಳನ್ನು ಬಸ್ಸಿನ ಮೇಲೆ ಏರಿಸುತ್ತ ಹಮಾಲನಿಗೆ ಜೋರು ಮಾಡುತ್ತಿದ್ದಳು. ಎತ್ತರ ಕಂಡೇ ಗುರುತು ಹತ್ತಿತು. ತಲೆ ತಗ್ಗಿಸಿ ಆಚೆ ಹೋಗಿಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ಅವಳೇ ಬಂದಳು.

"ಆರಾಮ ಅದೀರೇನ್ರಿ ಮೇಡಂ?"

ಸುತ್ತಲಿನ ಹಳ್ಳಿಗಳ ಹೂವು ಕೊಂಡು ಹುಬ್ಬಳ್ಳಿಗೆ ಕಳಿಸುತ್ತೇನೆ, ನಾಲ್ಕು ಜನರಿಗೆ ಕೆಲಸ ಕೊಟ್ಟಿದ್ದೇನೆ ಎಂದಳು. ದಾವಣಗೆರೆಯ ಅದೇ ಡಾಕ್ಟರ ಬಳಿ ಆಪರೇಷನ್ ಆಗಿತ್ತು, ಅವ್ವನೇ ಕರೆದುಕೊಂಡು ಹೋಗಿದ್ದರಂತೆ. ದಿನಾ ಒಂದು ಮಾತ್ರೆ. ಮದುವೆಯ ವಿಷಯ ನಾನು ಕೇಳಲಿಲ್ಲ, ಅವಳೂ ಎತ್ತಲಿಲ್ಲ. ಅವ್ವ ಹೇಗಿದ್ದಾರೆ ಎಂದೆ.

"ಅವ್ವ ಹೋಗಿ ಎರಡು ವರ್ಷ ಆತ್ರಿ. ಕಡೀತನಕ ನಿಮ್ಮ ಹೆಸರು ತಗೀತಿದ್ಲು. ಆ ಮೇಡಮ್ಮನ ಹೇಳಿದ್ಲು ಅಂತ ಓಣ್ಯಾಗ ಯಾರಾರ ಅಂದ್ರ ಜಗಳಕ್ಕ ನಿಲ್ಲಾಕಿ. ನಮ್ಮ ಮೇಡಂ ಮೈಲಾರಪ್ಪನ ಆಣಿ ಮಾಡ್ಯಾರ, ಅವರು ಅಂಥೋರಲ್ಲ ಅನ್ನಾಕಿ. ನನ್ನೂ ಕೇಳಿದ್ಲು. ನೀ ಕ್ಲಾಸಿನ್ಯಾಗ ಇದ್ದೆಲ್ಲ, ಮೇಡಂ ಏನಾರ ಅಂದ್ರೇನವ್ವ ಅಂತ."

"ನೀ ಏನಂದಿ?" ಎಂದೆ.

"ಇಲ್ಲಬೇ, ಅವರು ಏನೂ ಅಂದಿಲ್ಲ ಅಂದೆ. ಹಂಗ ನಂಬಿಕೊಂಡ ಹೋದ್ಲು." ಅವಳು ಬುಟ್ಟಿಯ ಹಗ್ಗ ಬಿಗಿಯಾಗಿದೆಯೇ ಎಂದು ಒಮ್ಮೆ ಎಳೆದು ನೋಡಿದಳು. "ಎಲ್ಲಾರೂ ಕೈ ಬಿಟ್ಟಿದ್ರಲ್ರಿ. ಒಬ್ರಾದ್ರೂ ತನ್ನ ಮಾತು ಉಳಿಸಿದ್ರು ಅಂತ ಆಕಿಗೆ ಅನಸಬೇಕಿತ್ತು."

ಏಳು ವರ್ಷದಿಂದ ಹೇಳಬೇಕೆಂದಿದ್ದ ತಪ್ಪಾಯಿತು ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಹಾಗೆಂದ ಮೇಲೆ ಅದನ್ನು ಹೇಳಲು ನನಗೆ ಮುಖವಿರಲಿಲ್ಲ. ನನ್ನ ಬಸ್ಸು ಬಂತು. ಗೌರಿ ನನ್ನ ಕೈಚೀಲ ತೆಗೆದುಕೊಂಡು ಜನರನ್ನು ಸರಿಸುತ್ತ ಮುಂದೆ ಹೋಗಿ, "ಅಣ್ಣಾ, ನಮಗ ಕಲಿಸಿದ ಮೇಡಂ ಅದಾರ, ಒಂದು ಸೀಟು ನೋಡು" ಎಂದು ಕಂಡಕ್ಟರನಿಗೆ ಹೇಳಿದಳು. ಅವನು ಯಾರನ್ನೋ ಎಬ್ಬಿಸಿ ಜಾಗ ಮಾಡಿಕೊಟ್ಟ. ನಾನು ಕೂತುಕೊಂಡೆ.